ಮಾರುವ ಸ್ವಾತಂತ್ರ್ಯ ಕೊಟ್ಟ ಸದನ ಮಾರದಿರುವ ಸ್ವಾತಂತ್ರ್ಯವನ್ನೂ ಕೊಡಲಿ: ವಿಧಾನಮಂಡಲದ ಸದಸ್ಯರಿಗೆ ಬಹಿರಂಗ ಪತ್ರ

ಕರ್ನಾಟಕ ವಿಧಾನಸಭೆಯ ಹಾಗೂ ವಿಧಾನ ಪರಿಷತ್ತಿನ ಮಾನ್ಯ ಸದಸ್ಯರಿಗೆ,

ಗೌರವಪೂರ್ವಕ ವಂದನೆಗಳು.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳಲ್ಲಿ ರಕ್ಷಣಾ ಮತ್ತು ಏರೋಸ್ಪೇಸ್ ಪಾರ್ಕಿಗಾಗಿ 1,777 ಎಕರೆ ಜಮೀನನ್ನು ಸ್ವಾಧೀನಪಡಿಸಿಕೊಳ್ಳುವ ಪ್ರಕ್ರಿಯೆಯನ್ನು ಕೈಬಿಡುವುದಾಗಿ 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಪ್ರಕಟಿಸಿದರು. ಸ್ವಇಚ್ಛೆಯಿಂದ ಕೊಡಲು ಮುಂದೆ ಬರುವವರ ಜಮೀನನ್ನು ಮಾತ್ರ ತೆಗೆದುಕೊಳ್ಳಲಾಗುವುದೆಂದೂ ಹೇಳಿದರು. ಸಾವಿರ ದಿನಗಳಿಗೂ ಮೀರಿ ಧರಣಿ ನಡೆಸಿದ್ದ ರೈತರ ಪಾಲಿಗೆ ಅದು ನಿಜವಾದ ಗೆಲುವು. ಅದನ್ನು ಕಡಿಮೆ ಮಾಡಿ ನೋಡುವ ಉದ್ದೇಶ ನನಗಿಲ್ಲ. ಆದರೆ ಅಂದು ಬದಲಾದದ್ದು ಸರ್ಕಾರದ ತೀರ್ಮಾನವೇ ಹೊರತು ಆ ತೀರ್ಮಾನಕ್ಕೆ ಅಧಿಕಾರ ಕೊಟ್ಟ ಕಾನೂನಲ್ಲ. 1966ರ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯ 28ನೇ ಕಲಂ ಅನ್ನು ಆ ಪ್ರಕಟಣೆ ಮುಟ್ಟಲಿಲ್ಲ. ನಾಳೆ ಇನ್ನೊಂದು ಹೋಬಳಿಯಲ್ಲಿ, ಇನ್ನೊಂದು ಸರ್ಕಾರದ ಕಾಲದಲ್ಲಿ ಅದೇ ಅಧಿಸೂಚನೆ ಹೊರಬೀಳುವುದಕ್ಕೆ ಯಾವ ಅಡ್ಡಿಯೂ ಇಲ್ಲ. ಆ ಕಲಂ ತಿದ್ದುವ ಅಧಿಕಾರ ಮುಖ್ಯಮಂತ್ರಿಗಳಿಗಿಂತ ಹೆಚ್ಚಾಗಿ ತಮ್ಮದಾದ್ದರಿಂದ ಈ ಪತ್ರವನ್ನು ತಮಗೆ ಬರೆಯುತ್ತಿದ್ದೇನೆ.

ತಮ್ಮಲ್ಲಿ ಅನೇಕರಿಗೆ ತಿಳಿದ ವಿಷಯವೇ ಆದರೂ ಆ ಕಲಂ ಕೆಲಸ ಮಾಡುವ ಬಗೆಯನ್ನು ಓದುಗರ ಅನುಕೂಲಕ್ಕಾಗಿ ಹೇಳುತ್ತೇನೆ. ಸರ್ಕಾರ ಮೊದಲು ಒಂದು ಪ್ರದೇಶವನ್ನು ಕೈಗಾರಿಕಾ ಪ್ರದೇಶವೆಂದು ಘೋಷಿಸುತ್ತದೆ. ಬಳಿಕ 28(1)ರ ಪ್ರಾಥಮಿಕ ಅಧಿಸೂಚನೆ, ಮಾಲೀಕರಿಗೆ ನೋಟಿಸು, ಆಕ್ಷೇಪಣೆಗಳ ವಿಚಾರಣೆ, ಕೊನೆಗೆ 28(4)ರ ಅಂತಿಮ ಅಧಿಸೂಚನೆ. ಅದು ಪ್ರಕಟವಾದ ಕೂಡಲೇ ಜಮೀನು ಯಾವ ಋಣಭಾರವೂ ಇಲ್ಲದೆ ಸಂಪೂರ್ಣವಾಗಿ ಸರ್ಕಾರದ್ದಾಗುತ್ತದೆ. ವಿಚಾರಣೆ ನಡೆಸುವವರು ಈ ಕಾಯ್ದೆಯ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿಗೇ ನಿಯೋಜಿತರಾದ ವಿಶೇಷ ಭೂಸ್ವಾಧೀನಾಧಿಕಾರಿಗಳು. ಅಂದರೆ ಜಮೀನು ಬೇಕೆನ್ನುವ ಕಚೇರಿಯಲ್ಲಿಯೇ ಕುಳಿತು, ಬೇಡವೆನ್ನುವವನ ಅಹವಾಲನ್ನು ಕೇಳಲಾಗುತ್ತದೆ. ರೈತ ಆಕ್ಷೇಪಣೆ ಸಲ್ಲಿಸಬಹುದು, ದರದ ಬಗ್ಗೆ ವಾದಿಸಬಹುದು, ಕೊಡುವುದಿಲ್ಲ ಎಂದು ಮಾತ್ರ ಹೇಳುವಂತಿಲ್ಲ. ಈ ಇಡೀ ಪ್ರಕ್ರಿಯೆಯಲ್ಲಿ ಅವನ ಒಪ್ಪಿಗೆಯನ್ನು ಕೇಳುವ ಹಂತವೇ ಇಲ್ಲ.

ಇದೇ ವಿಧಾನಮಂಡಲ 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಂಗಳನ್ನು ತೆಗೆದುಹಾಕಿತು. ಕೃಷಿಯೇತರ ವರಮಾನ ಒಂದು ಮಿತಿಯನ್ನು ಮೀರಿದವರು ಹಾಗೂ ಕಂಪನಿಗಳು ಕೃಷಿ ಭೂಮಿ ಕೊಳ್ಳದಂತೆ ಆ ಕಲಂಗಳು ತಡೆದಿದ್ದವು. ಅವು ಕಂದಾಯ ಕಚೇರಿಗಳಲ್ಲಿ ಲಂಚದ ಬಾಗಿಲಾಗಿದ್ದವು ಎಂಬ ದೂರಿನಲ್ಲಿ ಹುರುಳಿತ್ತು. ಆದರೆ ಆಗ ಮುಂದಿಟ್ಟ ತಾತ್ವಿಕ ಸಮರ್ಥನೆ ಬೇರೆಯದು. ರೈತನೂ ಎಲ್ಲರಂತೆ ತನ್ನ ಆಸ್ತಿಯ ಒಡೆಯ, ತನಗೆ ಸರಿ ಕಂಡವರಿಗೆ, ಸರಿ ಕಂಡ ಬೆಲೆಗೆ ಮಾರುವ ಸ್ವಾತಂತ್ರ್ಯ ಅವನಿಗಿರಬೇಕು, ಕೊಳ್ಳುವವರ ಸಂಖ್ಯೆಯನ್ನು ಕಾನೂನಿನಿಂದ ಕುಗ್ಗಿಸಿದರೆ ಬೆಲೆಯೂ ಕುಗ್ಗುತ್ತದೆ, ಎಂಬುದು ಆ ವಾದ. ಆ ತಿದ್ದುಪಡಿಯ ಫಲದ ಬಗ್ಗೆ ನನಗೆ ಅನುಮಾನಗಳಿದ್ದರೂ ಈ ವಾದವನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಆಸ್ತಿಯ ಒಡೆತನ ಎಂದರೆ ಅದನ್ನು ವಿಲೇವಾರಿ ಮಾಡುವ ಅಧಿಕಾರವೂ ಹೌದು. ನನ್ನ ಪ್ರಶ್ನೆ ಇಷ್ಟೇ: ಮಾರುವ ಸ್ವಾತಂತ್ರ್ಯ ಎಂಬುದಕ್ಕೆ ಮಾರದಿರುವ ಸ್ವಾತಂತ್ರ್ಯವನ್ನು ಬಿಟ್ಟು ಬೇರೆ ಯಾವ ಅರ್ಥವಾದರೂ ಉಳಿಯುತ್ತದೆಯೇ? ಒಲ್ಲೆ ಎನ್ನಲು ಬಾರದವನು ಒಪ್ಪಿದ ಎಂದು ದಾಖಲೆಯಲ್ಲಿ ಬರೆದುಕೊಳ್ಳುವುದಕ್ಕೆ ವ್ಯಾಪಾರ ಎಂಬ ಹೆಸರು ಸಲ್ಲದು. ಜೊತೆಗೆ, ಕಂಪನಿಗಳಿಗೆ ಕೃಷಿ ಭೂಮಿ ದಕ್ಕುವ ದಾರಿ ಕಿರಿದಾಗಿದ್ದ ಕಾಲದಲ್ಲಿ ಸರ್ಕಾರವೇ ನಡುವೆ ನಿಂತು ಜಮೀನು ಒದಗಿಸಬೇಕು ಎಂಬ ವಾದಕ್ಕೆ ಒಂದಿಷ್ಟು ಬಲವಿತ್ತು. ಬಾಗಿಲನ್ನು ಅಗಲವಾಗಿ ತೆರೆದ ಮೇಲೆ ಗೋಡೆ ಒಡೆದು ಒಳಬರುವ ಅಧಿಕಾರವನ್ನೂ ಉಳಿಸಿಕೊಳ್ಳುವುದಕ್ಕೆ ಯಾವ ಕಾರಣವಿದೆ?

ಆಸ್ತಿಯ ಹಕ್ಕಿನ ಕುರಿತು ನಮ್ಮ ರಾಜಕೀಯ ಚಿಂತನೆಯಲ್ಲಿ ಒಂದು ಗೊಂದಲ ಬಹುಕಾಲದಿಂದ ಉಳಿದುಬಂದಿದೆ. ಎಡಪಂಥೀಯರಿಗೆ ಅದು ಜಮೀನ್ದಾರನ ಹಕ್ಕಾಗಿ ಕಂಡಿತು, ಹಾಗೆ ಕಾಣುವುದಕ್ಕೆ ಇತಿಹಾಸದಲ್ಲಿ ಆಧಾರವೂ ಇತ್ತು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕಿಳಿದಾಗ, ಸಮಾಜವಾದಿ ನಾಯಕ ಲೋಹಿಯಾ ಅಲ್ಲಿಗೆ ಬಂದು ಬಂಧನಕ್ಕೊಳಗಾದಾಗ, ಎದುರಿಗೆ ನಿಂತಿದ್ದದ್ದು ಜಮೀನ್ದಾರರ ಆಸ್ತಿಯ ಹಕ್ಕೇ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ದೇವರಾಜ ಅರಸರ ಭೂಸುಧಾರಣೆ ಗೇಣಿ ಪದ್ಧತಿಯನ್ನು ಬೇರುಸಹಿತ ಕಿತ್ತಿತು. ಗೇಣಿಯ ಜಮೀನೆಲ್ಲ ಸರ್ಕಾರಕ್ಕೆ ಸೇರಿ, ಉಳುವವನು ಭೂನ್ಯಾಯಮಂಡಳಿಯ ಮುಂದೆ ‘ಡಿಕ್ಲರೇಷನ್’ ಎನ್ನುತ್ತಿದ್ದ ಅರ್ಜಿ ಹಾಕಿ ಒಡೆಯನಾದ. ಕರಾವಳಿ ಮತ್ತು ಮಲೆನಾಡಿನ ಹಿರಿಯರು ಇಂದಿಗೂ ‘ಡಿಕ್ಲರೇಷನ್ ಕೊಟ್ಟ ಜಾಗ’ ಎಂದು ತಮ್ಮ ತೋಟಗಳನ್ನು ಗುರುತಿಸುವುದುಂಟು. ಬಯಲುಸೀಮೆಯ ಕಥೆ ತುಸು ಭಿನ್ನ. ಅಲ್ಲಿ ಇನಾಂ ರದ್ದತಿ, ದರಖಾಸ್ತು, ಬಗರ್ ಹುಕುಂ ಸಕ್ರಮ, ದಲಿತ ಕುಟುಂಬಗಳಿಗೆ ಮಂಜೂರಾದ ಜಮೀನು, ಹೀಗೆ ಬೇರೆ ಬೇರೆ ದಾರಿಗಳಿಂದ ಸಣ್ಣ ಹಿಡುವಳಿ ಬೆಳೆಯಿತು. ದಾರಿ ಯಾವುದಾದರೂ ಫಲ ಒಂದೇ: ಪಹಣಿಯಲ್ಲಿ ಹೆಸರಿರುವ ಒಬ್ಬ ಸ್ವತಂತ್ರ ನಾಗರಿಕ. ಅವನ ಹೆಸರನ್ನು ಅಲ್ಲಿ ಬರೆಯಿಸಲು ಒಂದು ತಲೆಮಾರು ಹೋರಾಡಿತು. ಅದನ್ನು ಅಳಿಸಲು ಒಂದು ಅಧಿಸೂಚನೆ ಸಾಕು ಎನ್ನುವುದಾದರೆ, ಆ ತಲೆಮಾರು ಗಳಿಸಿದ್ದು ಒಡೆತನವಲ್ಲ, ಜಮೀನ್ದಾರನ ಬದಲು ಸರ್ಕಾರದ ಗೇಣಿ ಎಂದಾಗುತ್ತದೆ.

ಸಂವಿಧಾನ ಈ ವ್ಯತ್ಯಾಸವನ್ನು ಗುರುತಿಸದೆ ಇಲ್ಲ. 1978ರ 44ನೇ ತಿದ್ದುಪಡಿ ಆಸ್ತಿಯನ್ನು ಮೂಲಭೂತ ಹಕ್ಕುಗಳ ಪಟ್ಟಿಯಿಂದ ತೆಗೆದು, ಕಾನೂನಿನ ಆಧಾರವಿಲ್ಲದೆ ಯಾರ ಆಸ್ತಿಯನ್ನೂ ಕಸಿಯುವಂತಿಲ್ಲ ಎನ್ನುವ 300ಎ ವಿಧಿಯಲ್ಲಿ ಇರಿಸಿತು ಎಂಬುದು ಎಲ್ಲರೂ ಹೇಳುವ ಮಾತು. ಅಷ್ಟಾಗಿ ಯಾರೂ ಹೇಳದ ಮಾತೆಂದರೆ, ಭೂಸುಧಾರಣೆಗೆ ರಕ್ಷಣೆ ಕೊಡುವ 31ಎ ವಿಧಿಗೆ 1964ರ 17ನೇ ತಿದ್ದುಪಡಿ ಒಂದು ಷರತ್ತನ್ನು ಸೇರಿಸಿತ್ತು: ಗರಿಷ್ಠ ಮಿತಿಯೊಳಗಿದ್ದು ಸ್ವಂತ ಸಾಗುವಳಿಯಲ್ಲಿರುವ ಜಮೀನನ್ನು ಮಾರುಕಟ್ಟೆ ದರಕ್ಕಿಂತ ಕಡಿಮೆ ಪರಿಹಾರ ಕೊಟ್ಟು ಸರ್ಕಾರ ಸ್ವಾಧೀನಪಡಿಸಿಕೊಳ್ಳುವಂತಿಲ್ಲ. ಆಸ್ತಿಯ ಹಕ್ಕನ್ನು ಅತ್ಯಂತ ಅನುಮಾನದಿಂದ ನೋಡುತ್ತಿದ್ದ ಕಾಲದಲ್ಲಿಯೂ ಜಮೀನ್ದಾರ ಬೇರೆ, ಸ್ವಂತ ನೇಗಿಲು ಹಿಡಿದವನು ಬೇರೆ ಎಂಬ ವಿವೇಕ ಉಳಿದಿತ್ತು. ನ್ಯಾಯಾಲಯದ ಚಿಂತನೆಯೂ ಬಹಳ ದೂರ ನಡೆದು ಬಂದಿದೆ. ಖಾಸಗಿ ಬಸ್ಸುಗಳನ್ನು ವಶಪಡಿಸಿಕೊಂಡ ನಮ್ಮದೇ ರಾಜ್ಯದ ಕಾನೂನಿನ ಕುರಿತ 1977ರ ರಂಗನಾಥ ರೆಡ್ಡಿ ಪ್ರಕರಣದಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಖಾಸಗಿ ಸ್ವತ್ತು ಕೂಡ ಸಮುದಾಯದ ಸಂಪನ್ಮೂಲವೇ ಎಂಬ ವಿಶಾಲ ವ್ಯಾಖ್ಯಾನ ಕೊಟ್ಟಿದ್ದರು. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠದ ಬಹುಮತ ಅದನ್ನು ಒಪ್ಪಲಿಲ್ಲ. ಅದೇ ವರ್ಷದ ಮೇ ತಿಂಗಳಲ್ಲಿ ಕೋಲ್ಕತ್ತ ನಗರಪಾಲಿಕೆಯ ಪ್ರಕರಣದಲ್ಲಿ ನ್ಯಾಯಾಲಯವು 300ಎ ವಿಧಿಯೊಳಗೆ ಏಳು ಹಕ್ಕುಗಳನ್ನು ಗುರುತಿಸಿತು. ನೋಟಿಸು, ಆಕ್ಷೇಪಣೆಯ ವಿಚಾರಣೆ, ಕಾರಣ ಸಹಿತ ತೀರ್ಮಾನ, ಸಾರ್ವಜನಿಕ ಉದ್ದೇಶ, ನ್ಯಾಯವಾದ ಪರಿಹಾರ ಮೊದಲಾದವು ಅದರಲ್ಲಿವೆ. ಒಪ್ಪಿಗೆ ಅದರಲ್ಲಿಲ್ಲ. ಅದನ್ನು ಸೇರಿಸಬೇಕಾದವರು ಶಾಸಕರು.

ಮುಕ್ತ ಮಾರುಕಟ್ಟೆಯ ಪರ ವಾದಿಸುವವರ ಮೌನ ನನಗೆ ಇನ್ನೂ ವಿಚಿತ್ರವಾಗಿ ಕಾಣುತ್ತದೆ. ಅರಸರ ಕಾಯ್ದೆ ಜಾರಿಗೆ ಬಂದ 1974ರಲ್ಲಿಯೇ ಅಮೆರಿಕದಲ್ಲಿ ತತ್ವಶಾಸ್ತ್ರಜ್ಞ ರಾಬರ್ಟ್ ನೋಜಿಕ್ ಅವರ ಪ್ರಸಿದ್ಧ ಕೃತಿ ಹೊರಬಂದದ್ದು ಕಾಕತಾಳೀಯ. ನ್ಯಾಯವಾಗಿ ಗಳಿಸಿದ್ದನ್ನು ಒಡೆಯನ ಒಪ್ಪಿಗೆಯಿಲ್ಲದೆ ಎಷ್ಟೇ ದೊಡ್ಡ ಲಾಭಕ್ಕಾಗಿಯೂ ಕಸಿಯಬಾರದು ಎಂಬುದು ಅವರ ನಿಲುವು. ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಅವರದೇ ತತ್ವಶಾಸ್ತ್ರ ವಿಭಾಗದಲ್ಲಿದ್ದ ಜಾನ್ ರಾಲ್ಸ್ ಸಂಪತ್ತಿನ ಹಂಚಿಕೆಯ ವಿಷಯದಲ್ಲಿ ಅವರಿಗೆ ನೇರ ವಿರುದ್ಧ. ಆದರೂ ಕೆಲವರ ನಷ್ಟವನ್ನು ಬಹಳ ಮಂದಿಯ ಲಾಭದ ಮೊತ್ತದೊಂದಿಗೆ ಕೂಡಿ ಕಳೆದು ಸಮರ್ಥಿಸುವಂತಿಲ್ಲ ಎಂಬ ಮಾತಿನಲ್ಲಿ ಇಬ್ಬರೂ ಒಂದೇ. ನಮ್ಮ ಕೈಗಾರಿಕಾ ನೀತಿ ನಿಂತಿರುವುದು ಇಬ್ಬರೂ ಒಪ್ಪದ ಆ ಲೆಕ್ಕದ ಮೇಲೆಯೇ. ಇಷ್ಟು ಕೋಟಿ ಹೂಡಿಕೆ, ಇಷ್ಟು ಸಾವಿರ ಉದ್ಯೋಗ, ಇಷ್ಟು ರಫ್ತು. ಎದುರಿಗೆ ಇಷ್ಟು ಎಕರೆ ರಾಗಿ, ದ್ರಾಕ್ಷಿ, ಹಿಪ್ಪುನೇರಳೆ. ಮೊದಲನೆಯದು ದೊಡ್ಡದು, ಆದ್ದರಿಂದ ಸರಿ. 1939ರಲ್ಲಿ ಅರ್ಥಶಾಸ್ತ್ರಜ್ಞರಾದ ಕಾಲ್ಡೋರ್ ಮತ್ತು ಹಿಕ್ಸ್ ಈ ಲೆಕ್ಕಕ್ಕೆ ಶಾಸ್ತ್ರೀಯ ರೂಪ ಕೊಟ್ಟರು: ಗೆದ್ದವರು ಸೋತವರ ನಷ್ಟ ತುಂಬಿಕೊಟ್ಟ ಮೇಲೂ ಅವರಲ್ಲಿ ಲಾಭ ಉಳಿಯುವಂತಿದ್ದರೆ ಆ ಬದಲಾವಣೆ ಒಳ್ಳೆಯದು. ನಿಜಕ್ಕೂ ತುಂಬಿಕೊಡಬೇಕು ಎಂಬ ಕಡ್ಡಾಯ ಆ ಸೂತ್ರದಲ್ಲಿಲ್ಲ, ತುಂಬಿಕೊಡಬಲ್ಲರು ಎಂದರೆ ಸಾಕು. ಈ ಸಡಿಲಿಕೆ ಪುಸ್ತಕದಲ್ಲಿದ್ದಾಗ ನಿರುಪದ್ರವಿ.

ಪರಿಹಾರವನ್ನು ನಿಜಕ್ಕೂ ಕೊಡದಿದ್ದಾಗ ಆಗುವುದೇನೆಂಬುದಕ್ಕೆ ಬೆಂಗಳೂರು–ಮೈಸೂರು ಮೂಲಸೌಕರ್ಯ ಕಾರಿಡಾರ್ ಯೋಜನೆಯ ಪ್ರಕರಣವೇ ಸಾಕ್ಷಿ. ಆ ಯೋಜನೆಗಾಗಿ ಇದೇ ಮಂಡಳಿಯ ಮೂಲಕ 2003ರಲ್ಲಿ ಪ್ರಾಥಮಿಕ ಅಧಿಸೂಚನೆ ಹೊರಟಿತು, 2005ರಲ್ಲಿ ಜಮೀನನ್ನು ವಶಕ್ಕೆ ತೆಗೆದುಕೊಳ್ಳಲಾಯಿತು, ಪರಿಹಾರದ ಆದೇಶ ಬಂದದ್ದು 2019ರ ಏಪ್ರಿಲಿನಲ್ಲಿ. 2025ರ ಜನವರಿ 2ರಂದು ಸುಪ್ರೀಂ ಕೋರ್ಟು ತನ್ನ ವಿಶೇಷಾಧಿಕಾರ ಬಳಸಿ, 2019ರ ಏಪ್ರಿಲ್ 22ರ ಮಾರುಕಟ್ಟೆ ದರದಂತೆ ಪರಿಹಾರವನ್ನು ಹೊಸದಾಗಿ ನಿಗದಿಪಡಿಸಬೇಕೆಂದು ಆದೇಶಿಸಿತು. ಆಸ್ತಿಯ ಹಕ್ಕು ಸಾಂವಿಧಾನಿಕ ಹಕ್ಕಷ್ಟೇ ಅಲ್ಲ, ಮಾನವ ಹಕ್ಕು ಕೂಡ ಎಂದು ನೆನಪಿಸಿತು. ಸುಪ್ರೀಂ ಕೋರ್ಟಿನವರೆಗೆ ಹೋಗುವ ಶಕ್ತಿಯಿದ್ದವರ ಕಥೆ ಇದು. ಹೋಗಲಾರದವರ ಜಮೀನಿನ ಲೆಕ್ಕ ತಮ್ಮ ತಮ್ಮ ಕ್ಷೇತ್ರಗಳಲ್ಲಿ ತಮಗೇ ಗೊತ್ತಿರುತ್ತದೆ.

ಬಲವಂತದ ಸ್ವಾಧೀನದ ಪರವಾಗಿರುವ ಅತ್ಯಂತ ಗಟ್ಟಿಯಾದ ವಾದವನ್ನು ಎದುರಿಸದೆ ಮುಂದೆ ಹೋಗುವುದು ಸರಿಯಲ್ಲ. ನೂರು ಮಂದಿಯಲ್ಲಿ ತೊಂಬತ್ತೊಂಬತ್ತು ಮಂದಿ ಒಪ್ಪಿ, ನಡುವಿನ ಒಂದು ತುಂಡಿನ ಒಡೆಯ ಮಾತ್ರ ಪಟ್ಟು ಹಿಡಿದು ಹತ್ತು ಪಟ್ಟು ಬೆಲೆ ಕೇಳಿದರೆ ಏನು ಮಾಡಬೇಕು? ರಸ್ತೆ, ರೈಲು ಮಾರ್ಗ, ಕಾಲುವೆ, ವಿದ್ಯುತ್ ಮಾರ್ಗಗಳ ವಿಷಯದಲ್ಲಿ ಈ ವಾದವನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಕಾಲುವೆ ಒಂದೇ ಒಂದು ಹೊಲವನ್ನು ಬಿಟ್ಟು ಜಿಗಿಯಲಾರದು, ಅದರ ನೀರು ಎಲ್ಲರದು. ಆದರೆ ಕೈಗಾರಿಕಾ ಪಾರ್ಕು ಕಾಲುವೆಯಲ್ಲ. ಅದರ ಆಕಾರ ಬದಲಿಸಬಹುದು, ಗಡಿ ಸರಿಸಬಹುದು, ಒಪ್ಪಿಗೆ ಹೆಚ್ಚಿರುವ ಕಡೆಗೆ ಇಡೀ ಯೋಜನೆಯನ್ನೇ ಒಯ್ಯಬಹುದು. ಅಲ್ಲಿ ನಿವೇಶನ ಪಡೆಯುವುದು ಖಾಸಗಿ ಸಂಸ್ಥೆ. ಅದರ ಲಾಭ ಅದರ ಷೇರುದಾರರದು. ಇನ್ನು ಪಟ್ಟು ಹಿಡಿಯುವವನ ಸಮಸ್ಯೆಗೆ ಎಲ್ಲರ ಒಪ್ಪಿಗೆಯನ್ನೇ ಕಿತ್ತುಹಾಕುವುದು ಪರಿಹಾರವಲ್ಲ, ಶೇಕಡಾವಾರು ಒಪ್ಪಿಗೆ ಸಾಕು. 2013ರ ಕೇಂದ್ರ ಭೂಸ್ವಾಧೀನ ಕಾಯ್ದೆ ಮಾಡಿದ್ದು ಅದನ್ನೇ. ಖಾಸಗಿ ಕಂಪನಿಗಾದರೆ ಶೇ 80ರಷ್ಟು, ಸಾರ್ವಜನಿಕ–ಖಾಸಗಿ ಸಹಭಾಗಿತ್ವಕ್ಕಾದರೆ ಶೇ 70ರಷ್ಟು ಕುಟುಂಬಗಳ ಒಪ್ಪಿಗೆ ಕಡ್ಡಾಯವೆಂದು ಅದು ಹೇಳುತ್ತದೆ, ಸಾಮಾಜಿಕ ಪರಿಣಾಮದ ಅಧ್ಯಯನವನ್ನೂ ಕೇಳುತ್ತದೆ. ರಾಜ್ಯದ ಪ್ರತ್ಯೇಕ ಕಾಯ್ದೆಯ ಮರೆಯಲ್ಲಿ ನಮ್ಮ ಕೈಗಾರಿಕಾ ಪ್ರದೇಶಗಳಿಗೆ ಈ ಷರತ್ತುಗಳು ತಟ್ಟುವುದಿಲ್ಲ. ದೇಶದ ಉಳಿದ ರೈತರಿಗೆ ಸಂಸತ್ತು ಕೊಟ್ಟ ರಕ್ಷಣೆಯಿಂದ ಕರ್ನಾಟಕದ ರೈತನನ್ನು ಹೊರಗಿಡಲು 1966ರ ಕಾಯ್ದೆಯ ಹಳೆತನವೊಂದೇ ಕಾರಣವಾಗಬಾರದು.

ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಲಂಡನ್ ಎಂಬ ಊರಿನ ಪ್ರಕರಣವನ್ನು ತಾವು ಒಮ್ಮೆ ತರಿಸಿ ಓದಬೇಕು. ಊರಿನ ಆರ್ಥಿಕ ಅಭಿವೃದ್ಧಿಯ ಹೆಸರಿನಲ್ಲಿ ಖಾಸಗಿ ಯೋಜನೆಗಾಗಿ ಮನೆಗಳನ್ನು ಬಲವಂತವಾಗಿ ಪಡೆಯಬಹುದು ಎಂದು 2005ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಐದು–ನಾಲ್ಕರ ಬಹುಮತದಿಂದ ಹೇಳಿತು. ಯಾವ ದೊಡ್ಡ ಕಂಪನಿಯ ನೆರೆಯಲ್ಲಿ ಹೊಸ ಬಡಾವಣೆ ಏಳಬೇಕಿತ್ತೋ ಆ ಕಂಪನಿಯೇ 2009ರಲ್ಲಿ ಊರು ಬಿಡುವುದಾಗಿ ಪ್ರಕಟಿಸಿತು, ಮನೆಗಳಿದ್ದ ಜಾಗ ವರ್ಷಗಟ್ಟಲೆ ಖಾಲಿ ಬಿದ್ದಿತ್ತು. ಆ ತೀರ್ಪಿನ ಬಳಿಕ ನಲವತ್ತಕ್ಕೂ ಹೆಚ್ಚು ರಾಜ್ಯಗಳ ಶಾಸನಸಭೆಗಳು ತಮ್ಮ ಸ್ವಾಧೀನ ಕಾನೂನುಗಳನ್ನು ಬಿಗಿಗೊಳಿಸಿದವು. ನ್ಯಾಯಾಲಯ ಅನುಮತಿಸಿತು ಎಂಬ ಒಂದೇ ಕಾರಣಕ್ಕೆ ಶಾಸಕರು ಸುಮ್ಮನಿರಬೇಕಾಗಿಲ್ಲ ಎಂಬುದನ್ನು ಅಲ್ಲಿನವರು ತೋರಿಸಿದರು.

ಒಪ್ಪಿಗೆ ಕೇಳಹೊರಟರೆ ಉದ್ಯಮಗಳು ನೆರೆರಾಜ್ಯಕ್ಕೆ ಹೋಗುತ್ತವೆ ಎಂಬ ಹೆದರಿಕೆಯಿದೆ. ದೇವನಹಳ್ಳಿಯ ತೀರ್ಮಾನ ಹೊರಬಿದ್ದ ಕೂಡಲೇ ಆಂಧ್ರದ ಸಚಿವರು ಏರೋಸ್ಪೇಸ್ ಉದ್ಯಮಕ್ಕೆ ಬಹಿರಂಗವಾಗಿ ಆಹ್ವಾನ ಕೊಟ್ಟದ್ದು ನಿಜ. ಕೊಡಲಿ. ಬೆಂಗಳೂರಿನಲ್ಲಿ ಈ ಉದ್ಯಮ ಬೆಳೆದದ್ದು ಅಗ್ಗದ ಜಮೀನಿನಿಂದಲ್ಲ. 1940ರಲ್ಲಿ ಶುರುವಾದ ವಿಮಾನ ಕಾರ್ಖಾನೆ, ಅದಕ್ಕೂ ಹಳೆಯದಾದ ವಿಜ್ಞಾನ ಸಂಸ್ಥೆ, ಇವುಗಳ ಸುತ್ತ ತಲೆಮಾರುಗಳಿಂದ ಬೆಳೆದ ಕುಶಲ ಕೈಗಳಿಂದ. ರೈತನಿಂದ ಬಲವಂತವಾಗಿ ಪಡೆದ ಜಮೀನನ್ನು ಕಡಿಮೆ ದರಕ್ಕೆ ಹಂಚುವುದು ಬಡವನ ಜೇಬಿನಿಂದ ಉದ್ಯಮಕ್ಕೆ ಕೊಡುವ ಸಹಾಯಧನ, ಅದು ಬಜೆಟ್ಟಿನಲ್ಲಿ ಕಾಣಿಸದ ಕಾರಣ ಸದನದಲ್ಲಿ ಚರ್ಚೆಗೂ ಬರುವುದಿಲ್ಲ. ಉದ್ಯಮಕ್ಕೆ ನೆರವು ಬೇಕೆಂದರೆ ಸರ್ಕಾರ ಬೊಕ್ಕಸದಿಂದ ಕೊಡಲಿ, ತಾವು ಅದಕ್ಕೆ ಮತ ಹಾಕಿ. ಆಗ ಅದರ ಬೆಲೆ ಎಷ್ಟೆಂದು ತೆರಿಗೆದಾರನಿಗೂ ಗೊತ್ತಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೂ ಒಡೆಯನ ಸ್ವಾತಂತ್ರ್ಯವೊಂದನ್ನೇ ಹಿಡಿದು ನ್ಯಾಯದ ಕೊನೆ ಮುಟ್ಟಲಾಗದು ಎಂಬುದನ್ನು ಒಪ್ಪಲೇಬೇಕು. ಒಂದು ಹಳ್ಳಿಯ ಜಮೀನು ಹೋದಾಗ ಪಹಣಿಯಲ್ಲಿ ಹೆಸರಿಲ್ಲದವರೂ ಬದುಕು ಕಳೆದುಕೊಳ್ಳುತ್ತಾರೆ: ಕೂಲಿಯವರು, ಬೆಳೆಯ ಪಾಲಿನ ಕರಾರಿನ ಮೇಲೆ ಉಳುವ ವಾರದವರು, ಹೊಲದ ಬದುವಿನ ಹುಲ್ಲು ನಂಬಿ ಒಂದೆರಡು ಹಸು ಕಟ್ಟಿ ಡೇರಿಗೆ ಹಾಲು ಹಾಕುವ ಹೆಂಗಸರು, ಬಗರ್ ಹುಕುಂ ಅರ್ಜಿ ಹಾಕಿ ಸಾಗುವಳಿ ಚೀಟಿಗಾಗಿ ಕಾಯುತ್ತಿರುವವರು. ಒಳ್ಳೆಯ ದರ ಬಂದರೆ ಒಡೆಯ ಒಪ್ಪಿಬಿಡಬಹುದು, ಅವನ ಒಪ್ಪಿಗೆಯಿಂದ ಇವರ ಅನ್ನ ಹೋಗುತ್ತದೆ. ಆಸ್ತಿಯ ಹಕ್ಕನ್ನೇ ಸ್ವಾತಂತ್ರ್ಯದ ಆದಿ ಅಂತ್ಯವೆಂದು ಬಗೆಯುವ ಚಿಂತನೆಯಲ್ಲಿ ಇವರಿಗೆ ಜಾಗವಿಲ್ಲ. ಆ ಕಾರಣಕ್ಕೇ ಇತರ ವಿಷಯಗಳಲ್ಲಿ ನಾನು ನೋಜಿಕ್ ಅವರ ಜೊತೆ ಬಹಳ ದೂರ ಹೋಗಲಾರೆ. 2013ರ ಕಾಯ್ದೆ ‘ಬಾಧಿತ ಕುಟುಂಬ’ದ ಲೆಕ್ಕದಲ್ಲಿ ಮೂರು ವರ್ಷಗಳಿಂದ ಆ ಭೂಮಿಯನ್ನೇ ಜೀವನೋಪಾಯವಾಗಿ ನಂಬಿದ ಕೃಷಿ ಕಾರ್ಮಿಕರನ್ನೂ ಗೇಣಿದಾರರನ್ನೂ ಸೇರಿಸಿತು. ನಮ್ಮ ಕಾಯ್ದೆಯ ಕಣ್ಣಿಗೆ ಮಾಲೀಕ ಮತ್ತು ಅನುಭವದಾರರಷ್ಟೇ ಕಾಣುತ್ತಾರೆ. ಪರಿಶಿಷ್ಟರಿಗೆ ಮಂಜೂರಾದ ಜಮೀನು ಪರಭಾರೆಯಾಗದಂತೆ 1978ರಲ್ಲಿ ಕಾನೂನು ಮಾಡಿದ ರಾಜ್ಯ ಇದು. ಆ ಜಮೀನು ಸಾಹುಕಾರನಿಗೆ ಹೋಗಬಾರದು, ಮಂಡಳಿಗೆ ಹೋದರೆ ಚಿಂತೆಯಿಲ್ಲ ಎನ್ನುವುದು ಯಾವ ನ್ಯಾಯ?

ಕೊನೆಯ ಒಂದು ತಾತ್ವಿಕ ಅಂಶವನ್ನು ಹೇಳಿ ನನ್ನ ಬೇಡಿಕೆಗೆ ಬರುತ್ತೇನೆ. ದೇವನಹಳ್ಳಿಯಲ್ಲಿ ಸರ್ಕಾರ ರೈತರ ಮಾತು ಕೇಳಿತಲ್ಲ, ಇನ್ನೇನು ಬೇಕು ಎಂದು ತಮ್ಮಲ್ಲಿ ಕೆಲವರು ಕೇಳಬಹುದು. ಕೇಳಿತು, ಸಂತೋಷ. ಆದರೆ ಸ್ವತಂತ್ರನಾಗಿರುವುದೆಂದರೆ ಸದ್ಯಕ್ಕೆ ಯಾರೂ ಅಡ್ಡಿ ಮಾಡದಿರುವುದಷ್ಟೇ ಅಲ್ಲ. ಅಡ್ಡಿ ಮಾಡುವ ಬಿಡುವ ಮರ್ಜಿ ಇನ್ನೊಬ್ಬರ ಕೈಯಲ್ಲಿ ಇರದಿರುವುದು. ಮುಖ್ಯಮಂತ್ರಿಗಳ ಮನಸ್ಸು ಕರಗಲಿ ಎಂದು ಮೂರು ವರ್ಷ ಬಯಲಲ್ಲಿ ಕೂರಬೇಕಾದ ನಾಗರಿಕನಿಗೆ ಜಮೀನು ಉಳಿಯಿತೆಂದ ಮಾತ್ರಕ್ಕೆ ಅವನ ಹಕ್ಕು ಉಳಿಯಿತೆಂದಾಗದು. ನೆರೆಯ ಜಿಲ್ಲೆಯಲ್ಲಿ, ಬಿಡದಿಯ ಸುತ್ತಲಿನ ಹಳ್ಳಿಗಳಲ್ಲಿ, ಸಾವಿರಾರು ಎಕರೆಯ ಉಪನಗರ ಯೋಜನೆಯ ವಿರುದ್ಧ ಜನ ಪ್ರತಿಭಟನೆಗಿಳಿದದ್ದನ್ನೂ ತಾವು ಕಂಡಿದ್ದೀರಿ. ಕಾಯ್ದೆ ಬೇರೆ, ಪ್ರಶ್ನೆ ಅದೇ.

ನನ್ನ ಬೇಡಿಕೆ ದೊಡ್ಡದಲ್ಲ. 28ನೇ ಕಲಂಗೆ ತಿದ್ದುಪಡಿ ತಂದು, ಖಾಸಗಿ ಉದ್ಯಮಗಳಿಗೆ ಹಂಚುವ ಉದ್ದೇಶದ ಸ್ವಾಧೀನಕ್ಕೆ ಕೇಂದ್ರ ಕಾಯ್ದೆಯಲ್ಲಿರುವ ಪ್ರಮಾಣದ ಒಪ್ಪಿಗೆಯನ್ನು ಕಡ್ಡಾಯಗೊಳಿಸಿ. ಆ ಒಪ್ಪಿಗೆಯನ್ನು ಮಂಡಳಿಯ ಅಧಿಕಾರಿಗಳು ಮನೆಮನೆಗೆ ಹೋಗಿ ಸಹಿ ಮಾಡಿಸಿಕೊಳ್ಳುವ ಬದಲು ಗ್ರಾಮಸಭೆಯಲ್ಲಿ, ಮಂಡಳಿಗೆ ಸೇರದ ಅಧಿಕಾರಿಯ ಎದುರು ದಾಖಲಿಸುವಂತಾಗಲಿ. ಪ್ರಾಥಮಿಕ ಅಧಿಸೂಚನೆಗೂ ಅಂತಿಮ ಅಧಿಸೂಚನೆಗೂ ನಡುವೆ, ಅಂತಿಮ ಅಧಿಸೂಚನೆಗೂ ಪರಿಹಾರಕ್ಕೂ ನಡುವೆ ಕಾಲಮಿತಿ ಇರಲಿ; ಮೀರಿದರೆ ಅಧಿಸೂಚನೆ ತಾನಾಗಿಯೇ ಬಿದ್ದುಹೋಗಲಿ. ಮಾರಲೊಲ್ಲದೆ ಗುತ್ತಿಗೆಗೆ ಕೊಡಲು ಸಿದ್ಧರಿರುವವರಿಗೆ ವರ್ಷ ವರ್ಷ ಏರುವ ಬಾಡಿಗೆಯ ಆಯ್ಕೆ ಕೊಡಿ. ಹಂಚಿಕೆಯಾಗಿ ಐದು ವರ್ಷವಾದರೂ ಕಾರ್ಖಾನೆ ಏಳದ ಜಮೀನು ಮೊದಲ ಒಡೆಯನಿಗೋ ಅವನ ವಾರಸುದಾರರಿಗೋ ಮರಳಲಿ. ಭೂರಹಿತರ ಜೀವನೋಪಾಯದ ನಷ್ಟವನ್ನು ಪರಿಹಾರದ ಆದೇಶದಲ್ಲಿಯೇ ಬರೆಯಿಸಿ.

ಸರ್ಕಾರ ಇಂಥ ಮಸೂದೆಯನ್ನು ತಾನಾಗಿ ತರುವುದೆಂಬ ನಂಬಿಕೆ ನನಗೆ ಹೆಚ್ಚಿಲ್ಲ. ಯಾವ ಪಕ್ಷದ ಸರ್ಕಾರವೂ ತನ್ನ ಕೈಯಲ್ಲಿರುವ ಇಷ್ಟು ಅನುಕೂಲದ ಅಧಿಕಾರವನ್ನು ಬಿಟ್ಟುಕೊಟ್ಟದ್ದನ್ನು ನಾನು ಕಂಡಿಲ್ಲ. ಖಾಸಗಿ ಸದಸ್ಯರ ಮಸೂದೆ ಮಂಡಿಸುವ ಹಕ್ಕು ತಮ್ಮಲ್ಲಿ ಪ್ರತಿಯೊಬ್ಬರಿಗೂ ಇದೆ. 2020ರಲ್ಲಿ ರೈತನ ಮಾರುವ ಸ್ವಾತಂತ್ರ್ಯದ ಪರವಾಗಿ ಮಾತನಾಡಿದವರು ಒಂದು ಬದಿಯಲ್ಲಿ, ಭೂಸುಧಾರಣೆಯ ಪರಂಪರೆಯ ಹೆಸರಿನಲ್ಲಿ ಅದನ್ನು ವಿರೋಧಿಸಿದವರು ಇನ್ನೊಂದು ಬದಿಯಲ್ಲಿ ಕುಳಿತಿದ್ದೀರಿ. ಈ ಒಂದು ತಿದ್ದುಪಡಿಗೆ ಎರಡೂ ಬದಿಯವರು ತಮ್ಮ ತತ್ವವನ್ನು ಬಿಡದೆಯೇ ಸಹಿ ಹಾಕಬಹುದು. ಮುಂದಿನ ಅಧಿವೇಶನದಲ್ಲಿ ಅದನ್ನು ಮಂಡಿಸುವವರು ಯಾರು, ಮತಕ್ಕೆ ಬಂದಾಗ ಯಾರು ಎಲ್ಲಿ ನಿಂತರು ಎಂಬುದನ್ನು ಸದನದ ನಡಾವಳಿಯಲ್ಲಿ ನಾವು ಓದಲಿದ್ದೇವೆ.

ಇಂತು ತಮ್ಮ ವಿಶ್ವಾಸಿ,
ರಾಜ್ಯಶಾಸ್ತ್ರದ ಒಬ್ಬ ನಿವೃತ್ತ ಅಧ್ಯಾಪಕ,
ದೊಡ್ಡಬಳ್ಳಾಪುರ